ಬಡವರನ್ನು ನೋಡಿಕೊಳ್ಳುವುದು ಕ್ರೈಸ್ತ ಸಭೆಯ ಕೆಲಸವೋ, ಸರ್ಕಾರದ ಕೆಲಸವೋ?

ಬೈಬಲ್ ಪಾಠ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಯಾರಾದರೂ ಒಬ್ಬರು ಈ ಪ್ರಶ್ನೆ ತೆಗೆದೇ ತೆಗೆಯುತ್ತಾರೆ. "ಬಡವರಿಗೆ ಕೊಡಿ ಅಂತ ಯೇಸು ಹೇಳಿದ್ದು ನಮಗೆ ತಾನೆ? ಸರ್ಕಾರಕ್ಕೆ ಹೇಳಲಿಲ್ಲವಲ್ಲ. ತೆರಿಗೆ ಹಾಕಿ ನಮ್ಮಿಂದ ಕಿತ್ತುಕೊಂಡು ಹಂಚಿದರೆ ಅದು ಪ್ರೀತಿ ಹೇಗಾಗುತ್ತದೆ?" ಹೀಗೆ ಕೇಳುವವರು ಜಿಪುಣರಲ್ಲ. ಅವರಲ್ಲಿ ತುಂಬಾ ಜನ ಕೈಬಿಚ್ಚಿ ಕೊಡುವವರು. ಅದಕ್ಕೇ ಸುಮ್ನೆ ಒಂದು ವಚನ ಹೇಳಿ ಅವರ ಬಾಯಿ ಮುಚ್ಚಿಸಲು ನನಗೆ ಮನಸ್ಸಾಗುವುದಿಲ್ಲ.

ನನ್ನ ಉತ್ತರ ಒಂದು ಹೊಲದಿಂದ ಶುರುವಾಗುತ್ತದೆ.

ರೂತಳು ಮೋವಾಬಿನ ಹೆಣ್ಣುಮಗಳು. ಗಂಡ ಸತ್ತಿದ್ದ. ಅತ್ತೆ ನೊವೊಮಿಯ ಜೊತೆ ಬೇತ್ಲೆಹೇಮಿಗೆ ಬಂದಾಗ ಜವೆಗೋದಿಯ ಕೊಯ್ಲು ಆಗತಾನೇ ಶುರುವಾಗಿತ್ತು. ಅವಳು ಯಾರ ಬಾಗಿಲಲ್ಲೂ ನಿಂತು ಬೇಡಲಿಲ್ಲ. ಕೊಯ್ಯುವವರ ಹಿಂದೆ ಹೋಗಿ ಹಕ್ಕಲಾಯ್ದಳು. ಗುರುತಿಲ್ಲದ ಊರಿನಲ್ಲಿ, ಯಾರದ್ದೋ ಹೊಲದಲ್ಲಿ ಹಾಗೆ ಆಯಲು ಅವಳಿಗೆ ಆಗಿದ್ದು ಹೇಗೆ? ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬೇಡಿ, ಬಿದ್ದ ತೆನೆ ಆಯಬೇಡಿ, ಅವು ಬಡವರಿಗೂ ಪರದೇಶದವರಿಗೂ ಸೇರಿದ್ದು ಎಂದು ಯಾಜಕಕಾಂಡದ 19ನೇ ಅಧ್ಯಾಯ ಹೇಳುತ್ತದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಿವುಡೊಂದನ್ನು ಹೊಲದಲ್ಲೇ ಮರೆತು ಬಂದರೆ ಅದನ್ನು ತರಲು ವಾಪಸ್ ಹೋಗಬಾರದು. ಮನಸ್ಸಿದ್ದರೆ ಬಿಡು ಅಂತ ಎಲ್ಲೂ ಇಲ್ಲ. ಮೂಲೆ ಇರುವುದು ಮಾಲೀಕನ ಹೊಲದಲ್ಲೇ, ಆದರೆ ಅಲ್ಲಿನ ತೆನೆ ಅವನದ್ದಲ್ಲ.

ಇನ್ನು ಆ ಹೊಲದ ಮಾಲೀಕ ಬೋವಜ. ಅವನು ಕಾನೂನಿಗೆ ಎಷ್ಟು ಬೇಕೋ ಅಷ್ಟೇ ಮಾಡಿ ಕೈತೊಳೆದುಕೊಳ್ಳಲಿಲ್ಲ. ಸಿವುಡುಗಳ ನಡುವೆಯೂ ಅವಳು ಆಯಲಿ, ಕಟ್ಟಿನಿಂದ ಒಂದಿಷ್ಟು ತೆನೆ ಬೇಕಂತಲೇ ಎಳೆದು ಬೀಳಿಸಿ, ಗದರಿಸಬೇಡಿ ಎಂದು ಆಳುಗಳಿಗೆ ಹೇಳಿದ. ಊಟದ ಹೊತ್ತಿಗೆ ಪಕ್ಕಕ್ಕೆ ಕರೆದು ಹುರಿದ ಕಾಳು ಕೊಟ್ಟ. ಅವಳು ಹೊಟ್ಟೆ ತುಂಬ ತಿಂದು ಮಿಕ್ಕಿದ್ದನ್ನು ಅತ್ತೆಗೆಂದು ಎತ್ತಿಟ್ಟುಕೊಂಡಳು. ಸಂಜೆ ಬಡಿದು ನೋಡಿದರೆ ಸುಮಾರು ಒಂದು ಏಫಾ ಜವೆಗೋದಿ. ಹೆಚ್ಚುಕಡಿಮೆ 22 ಲೀಟರ್ ಅಳತೆ. ಒಂದೇ ದಿನ ಹಕ್ಕಲಾಯ್ದವಳಿಗೆ ಅದು ಬಹಳ ಜಾಸ್ತಿಯಾಯಿತು. ಇಷ್ಟಾದರೂ ನೊವೊಮಿಗೆ ಒಂದು ಭಯ ಇದ್ದೇ ಇತ್ತು: ಬೇರೆಯವರ ಹೊಲಕ್ಕೆ ಹೋದರೆ ಯಾರಾದರೂ ತೊಂದರೆ ಕೊಟ್ಟಾರು. ಕಾನೂನು ರೂತಳನ್ನು ಹೊಲದ ಬದು ದಾಟಿಸಿತು. ಅವಳು ಮಾನದಿಂದ ಮನೆಗೆ ಬರುವಂತೆ ನೋಡಿಕೊಂಡವನು ಬೋವಜ.

ನನಗೆ ಎರಡೂ ಬೇಕು.

"ಅದು ದೇವರು ಇಸ್ರಾಯೇಲಿಗೆ ಕೊಟ್ಟ ಕಾನೂನು. ಅದರಲ್ಲಿ ತೆರಿಗೆ ಎಲ್ಲಿದೆ, ಅಧಿಕಾರಿ ಎಲ್ಲಿದ್ದಾನೆ?" ಎಂದು ಕೇಳುತ್ತಾರೆ. ಸರಿಯಾದ ಮಾತು. ಮೂಲೆ ಕೊಯ್ದವನಿಗೆ ಇಷ್ಟು ದಂಡ ಎಂದು ಅಲ್ಲಿ ಬರೆದೂ ಇಲ್ಲ. ಆದರೆ ಪ್ರವಾದಿಗಳು ರಾಜರ ಮುಂದೆ ನಿಂತು ಏನು ಕೇಳಿದರು ನೋಡಿ. ರಾಜ ಯೆಹೋಯಾಕೀಮ ಕೆಲಸಗಾರರಿಗೆ ಕೂಲಿ ಕೊಡದೆ, ದೇವದಾರು ಹಲಗೆ ಹೊದಿಸಿ, ಕೆಂಪು ಬಣ್ಣ ಬಳಿಸಿ ಅರಮನೆ ಕಟ್ಟಿಸಿಕೊಳ್ಳುತ್ತಿದ್ದ. ಯೆರೆಮೀಯ ಅವನಿಗೆ ಅವನ ಅಪ್ಪ ಯೋಷೀಯನನ್ನು ನೆನಪಿಸುತ್ತಾನೆ. ನಿನ್ನಪ್ಪ ದಿಕ್ಕಿಲ್ಲದವರಿಗೆ ನ್ಯಾಯ ತೀರಿಸಿದ, ನನ್ನನ್ನು ಅರಿಯುವುದೆಂದರೆ ಅದೇ ಅಲ್ಲವೇ ಎಂದು ದೇವರು ಕೇಳುತ್ತಾನೆ. ಯೆರೆಮೀಯ 22ನೇ ಅಧ್ಯಾಯದ ಈ ಮಾತು ಓದಿದಾಗಲೆಲ್ಲ ನಾನು ಅಲ್ಲೇ ನಿಂತುಬಿಡುತ್ತೇನೆ. ದೇವರನ್ನು ಅರಿಯುವುದಕ್ಕೂ ಒಬ್ಬ ರಾಜ ಆಳುವ ರೀತಿಗೂ ಇಷ್ಟು ನೇರ ಸಂಬಂಧ! ಇಸ್ರಾಯೇಲಿನ ರಾಜರಿಗೆ ಮಾತ್ರ ಇದು ಅನ್ವಯಿಸುತ್ತದೆ ಅಂತಲೂ ಹೇಳಲಾಗುವುದಿಲ್ಲ. ಬಾಬೆಲಿನ ನೆಬೂಕದ್ನೆಚ್ಚರನಿಗೂ ದಾನಿಯೇಲ ಹೇಳಿದ್ದು ಇದನ್ನೇ: ಪಾಪ ಬಿಡು, ನೊಂದವರಿಗೆ ಕರುಣೆ ತೋರಿಸು.

ಅಪೊಸ್ತಲ ಪೌಲನ ಮಾತನ್ನೂ ತುಂಬಾ ಜನ ಎತ್ತುತ್ತಾರೆ. ಯಾರೂ ಬಲವಂತಕ್ಕೆ ಕೊಡಬಾರದು, ಸಂತೋಷದಿಂದ ಕೊಡುವವನ ಮೇಲೆ ದೇವರಿಗೆ ಪ್ರೀತಿ ಎಂದು ಅವನು ಕೊರಿಂಥದವರಿಗೆ ಬರೆದ. ನಿಜ. ಆದರೆ ಅದು ಯೆರೂಸಲೇಮಿನ ವಿಶ್ವಾಸಿಗಳಿಗೆ ಎತ್ತಿದ ಕಾಣಿಕೆಯ ವಿಷಯ. ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಅಧಿಕಾರಿ ನಿನ್ನ ಒಳಿತಿಗಾಗಿ ಇರುವ ದೇವರ ಸೇವಕ, ಅವನಿಗೆ ಸಲ್ಲಬೇಕಾದ ತೆರಿಗೆ ಸಲ್ಲಿಸು ಎನ್ನುತ್ತಾನೆ. ಕಾಣಿಕೆ ಬೇರೆ, ತೆರಿಗೆ ಬೇರೆ. ತೆರಿಗೆ ಕಟ್ಟಿದವನು ನಾನು ದಾನ ಮಾಡಿದೆ ಅಂದುಕೊಳ್ಳಬಾರದು. ದಾನ ಮಾಡುತ್ತೇನೆ, ತೆರಿಗೆ ಯಾಕೆ ಅಂತಲೂ ಕೇಳಬಾರದು.

ಎಲ್ಲವನ್ನೂ ಜನರ ಮನಸ್ಸಿಗೇ ಬಿಟ್ಟರೆ ಏನಾಗುತ್ತದೆ? ಇಂಗ್ಲೆಂಡಿನಲ್ಲಿ ಅದನ್ನು ಮಾಡಿ ನೋಡಿದ್ದಾರೆ. 1552ರ ಕಾನೂನಿನ ಪ್ರಕಾರ ಪ್ರತಿ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಊರಿನಲ್ಲಿ, ಬಡವರಿಗಾಗಿ ಹಣ ಎತ್ತುವವರು ಮೃದುವಾಗಿ ಕೇಳಬೇಕು. ಕೊಡದವನಿಗೆ ಪಾದ್ರಿ ಬುದ್ಧಿ ಹೇಳಬೇಕು. ಅದಕ್ಕೂ ಬಗ್ಗದಿದ್ದರೆ ಬಿಷಪ್ಪರೇ ಕರೆಸಿ ಒಪ್ಪಿಸಬೇಕು. ಅವರೆಲ್ಲ ಚರ್ಚಿಗೆ ಹೋಗುವ ಜನವೇ, ಆದರೂ ಸಾಲಲಿಲ್ಲ. 1563ರಲ್ಲಿ ಹಟ ಹಿಡಿದವರನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸುವ ಕಾನೂನು ಬಂತು. 1572ರಲ್ಲಿ ಅದು ಎಲ್ಲರೂ ಕಟ್ಟಬೇಕಾದ ತೆರಿಗೆಯಾಯಿತು. ಕಷ್ಟವಾದರೂ ಇದನ್ನು ನಾವು ಒಪ್ಪಿಕೊಳ್ಳಬೇಕು: ನಮ್ಮ ಒಳ್ಳೆಯ ಮನಸ್ಸು ಒಂದು ವಾರ ಇರುತ್ತದೆ, ಇನ್ನೊಂದು ವಾರ ಇರುವುದಿಲ್ಲ. ಹಸಿವು ಎಲ್ಲ ವಾರವೂ ಇರುತ್ತದೆ.

ಹಾಗಂತ ಸರ್ಕಾರದ ಕೈಗೆ ಕೊಟ್ಟರೆ ಎಲ್ಲ ಸರಿಹೋಯಿತು ಅಂತಲ್ಲ. ಅದೇ ದೇಶದಲ್ಲಿ 1834ರ ಕಾನೂನು ಬಂದ ಮೇಲೆ, ಸಹಾಯ ಬೇಕಾದ ಬಡವರನ್ನು, ದುಡಿಸಿಕೊಂಡು ಊಟ-ವಸತಿ ಕೊಡುವ ವರ್ಕ್‌ಹೌಸುಗಳೊಳಗೆ ಸೇರಿಸುವುದು ಜಾಸ್ತಿಯಾಯಿತು. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಸಹಾಯ ಕೇಳಲು ಜನ ಹೆದರಲಿ ಎಂದೇ ಹಾಗೆ ಮಾಡಿದ್ದರು. ಯಾವ ಯೋಜನೆ ಒಳ್ಳೆಯದು, ತೆರಿಗೆ ಎಷ್ಟಿರಬೇಕು ಎಂಬುದರಲ್ಲಿ ವಿಶ್ವಾಸಿಗಳಿಗೇ ಒಮ್ಮತ ಇಲ್ಲದಿರಬಹುದು. ಬೈಬಲಿನಲ್ಲಿ ಅದಕ್ಕೆ ಲೆಕ್ಕದ ಪಟ್ಟಿ ಇಲ್ಲ.

ನಮ್ಮ ಸಭೆಯಲ್ಲಿ ಒಬ್ಬ ವಯಸ್ಸಾದ ತಾಯಿ ಇದ್ದಾರೆ. ಗಂಡ ತೀರಿಹೋದ ಮೇಲೆ ಸಭೆಯಿಂದಲೇ ತಿಂಗಳು ತಿಂಗಳು ಅಷ್ಟಿಷ್ಟು ಕೊಡುತ್ತಿದ್ದೆವು. ಯಾರೂ ಹೇಳದಿದ್ದರೂ ಅವರು ಆರಾಧನೆ ಮುಗಿದ ಮೇಲೆ ಉಳಿದು ಬೆಂಚುಗಳನ್ನು ಒರೆಸುತ್ತಿದ್ದರು. ಅದು ಋಣ ತೀರಿಸುವುದು ಅಂತ ನನಗೆ ಬಹಳ ದಿನ ಹೊಳೆಯಲೇ ಇಲ್ಲ. ಕೊನೆಗೆ ನಮ್ಮ ಇಬ್ಬರು ಯುವಕರು ಅವರಿಗೆ ಪಿಂಚಣಿಯ ಅರ್ಜಿ ಬರೆದುಕೊಟ್ಟರು. ಹೆಸರಿನಲ್ಲಿ ಒಂದಕ್ಷರ ತಪ್ಪಿದೆ ಎಂದು ಅದು ಎರಡು ಸಲ ವಾಪಸ್ ಬಂತು. ಹುಡುಗರು ಎರಡು ಸಲವೂ ಅವರ ಜೊತೆ ಹೋಗಿ ಸಾಲಿನಲ್ಲಿ ನಿಂತರು. ಮಂಜೂರಾದ ತಿಂಗಳು, ಕಾಣಿಕೆ ಚೀಲ ಮುಂದೆ ಬಂದಾಗ ಆ ತಾಯಿ ಸಣ್ಣದಾಗಿ ಮಡಚಿದ ಒಂದು ನೋಟು ಹಾಕಿದರು. ಅವತ್ತು ಬೆಂಚು ಒರೆಸಲು ನಿಲ್ಲಲಿಲ್ಲ. ಎಲ್ಲರ ಜೊತೆ ಮಾತಾಡಿಕೊಂಡು ಹೊರಗೆ ಹೋದರು.

ಈಗ ಪ್ರತಿ ಭಾನುವಾರ ಆರಾಧನೆಯ ನಂತರ ಒಂದು ಮೇಜು ಹಾಕಿ ಅರ್ಜಿ ಬರೆದುಕೊಡುತ್ತೇವೆ. ಕಳೆದ ವಾರ ಅದೇ ತಾಯಿ ಇನ್ನೊಬ್ಬ ವಿಧವೆಯ ಕೈ ಹಿಡಿದು ಕರೆದುಕೊಂಡು ಬಂದರು.