ಆರಿಂಚು ಎತ್ತರದವರಿಗೊಂದು ಜಾಗ

ನನ್ನ ಪುಸ್ತಕದ ಕಪಾಟಿನಲ್ಲಿ ಆರು ಜನ ನಿಂತಿದ್ದರು. ಇಬ್ಬರು ಪೈಲಟ್‌ಗಳು, ಒಬ್ಬಳು ಮೆಕ್ಯಾನಿಕ್, ಎರಡು ರೋಬೋಟ್, ಹೆಲ್ಮೆಟ್ ತೆಗೆಯದ ಒಬ್ಬ ಸಿಪಾಯಿ. ಎಲ್ಲ ಗೊಂಬೆಗಳೇ, ಹೆಚ್ಚುಕಮ್ಮಿ ಆರಿಂಚು ಎತ್ತರ. ಬೆನ್ನ ಹಿಂದೆ ನಿಘಂಟು, ಪಕ್ಕದಲ್ಲಿ ಸ್ಟೇಪ್ಲರ್. ಮೊಣಕಾಲು ಬಗ್ಗಿಸಿ, ಗನ್ ಎತ್ತಿ ಹಿಡಿಸಿ ಎಷ್ಟೇ ಭರ್ಜರಿ ಪೋಸ್ ಕೊಡಿಸಿದರೂ ಬಸ್ಸಿಗೆ ಕಾಯುತ್ತಿರುವವರ ಹಾಗೆಯೇ ಕಾಣುತ್ತಿದ್ದರು.

ಇವರಿಗೊಂದು ಜಾಗ ಮಾಡಿಕೊಡಬೇಕು ಅಂತ ತುಂಬ ದಿನದಿಂದ ಅಂದುಕೊಂಡಿದ್ದೆ. ಹೀಗೆ ಪುಟ್ಟದಾಗಿ ಕಟ್ಟುವ ದೃಶ್ಯಕ್ಕೆ ಡಯೋರಾಮಾ ಅಂತಾರೆ. ರೆಡಿಮೇಡ್ ಕೂಡ ಸಿಗುತ್ತವೆ. ಆದರೆ ನಾನು ನೋಡಿದವುಗಳ ಗೋಡೆಗಳೆಲ್ಲ ಇಸ್ತ್ರಿ ಮಾಡಿಟ್ಟ ಹಾಗಿದ್ದವು. ನನಗೆ ಬೇಕಿದ್ದದ್ದು ಬಾಹ್ಯಾಕಾಶ ಹಡಗು ರಿಪೇರಿ ಮಾಡುವ ಒಂದು ಕೊಳಕು ಮೂಲೆ. ಪೈಪು ಸೋರುತ್ತಿರಬೇಕು, ಬಣ್ಣ ಎದ್ದಿರಬೇಕು. ಒಂದು ಶನಿವಾರ ಬೆಳಿಗ್ಗೆ ಕಪಾಟಿನ ಅಳತೆ ತೆಗೆದುಕೊಂಡು ಕೂತೇಬಿಟ್ಟೆ. ಅಗಲ 40 ಸೆಂಟಿಮೀಟರ್, ಆಳ 25, ಎತ್ತರ 30. ಸಂಜೆಯೊಳಗೆ ಮುಗಿಯುತ್ತೆ ಅನ್ನೋ ನಂಬಿಕೆ ಬೇರೆ.

ಗೋಡೆಗೆ ಮೊದಲು ನೆನಪಾದದ್ದು ಥರ್ಮಾಕೋಲ್. ಒಂದು ತುಂಡು ಕತ್ತರಿಸುವಷ್ಟರಲ್ಲಿ ಬಿಳಿ ಕಾಳುಗಳು ಉದುರಿ ಅಂಗಿ, ಕೂದಲು, ಹುಬ್ಬು ಎಲ್ಲ ಕಡೆ ಅಂಟಿಕೊಂಡವು. ಅದನ್ನು ಅಲ್ಲಿಗೇ ಬಿಟ್ಟು, ಕಟ್ಟಡಗಳಲ್ಲಿ ಶಾಖ ತಡೆಯೋಕೆ ಹಾಕುವ ಗಟ್ಟಿ ಫೋಮ್ ಹಲಗೆ ತೆಗೆದುಕೊಂಡೆ. ಎಕ್ಸ್‌ಪಿಎಸ್ ಅಂತಾರೆ ಅದಕ್ಕೆ. ಎರಡೂ ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ಕೇ. ಆದರೆ ಇದರಲ್ಲಿ ಕಾಳುಗಳಿಲ್ಲ, ಒಳಗೆಲ್ಲ ಒಂದೇ ಸಮ. ಬ್ಲೇಡ್ ಹೊಸದಾಗಿದ್ದರೆ ಅಂಚು ಗೆರೆ ಎಳೆದ ಹಾಗೆ ಬರುತ್ತೆ. ಬಾಲ್‌ಪೆನ್ ಒತ್ತಿ ಗೀಚಿದರೆ ಲೋಹದ ತಗಡುಗಳ ಸಂದು. ಅಲ್ಯುಮಿನಿಯಂ ಫಾಯಿಲನ್ನು ಉಂಡೆ ಮಾಡಿ ಮೇಲೆ ಉರುಳಿಸಿದರೆ ಸವೆದ ಕಾಂಕ್ರೀಟ್ ನೆಲ.

ಆಮೇಲೆ ಬಂತು ಕಸದ ಡಬ್ಬಿ. ಈ ಕೆಲಸದಲ್ಲಿ ಅತಿ ಮಜಾ ಕೊಡೋದು ಇದೇ. ಟೂತ್‌ಪೇಸ್ಟ್ ಮುಚ್ಚಳ, ಖಾಲಿ ಮಾತ್ರೆ ಪಟ್ಟಿ, ಕೆಟ್ಟ ಪ್ರಿಂಟರಿನ ಹಲ್ಲುಚಕ್ರಗಳು, ಇಂಕು ಮುಗಿದ ರೀಫಿಲ್. ಒಂದೊಂದೂ ಗೋಡೆಗೆ ಅಂಟಿದ ಮೇಲೆ ಏನೋ ಒಂದು ಯಂತ್ರ. ಏನು ಯಂತ್ರ ಅಂತ ಕೇಳಬಾರದು ಅಷ್ಟೇ. 1977ರ ‘ಸ್ಟಾರ್ ವಾರ್ಸ್’ ಸಿನಿಮಾದ ಹಡಗುಗಳ ಮಾಡೆಲ್ ಮಾಡಿದವರೂ ಹೀಗೆಯೇ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳ ಬಿಡಿಭಾಗ ಕಿತ್ತು ಅಂಟಿಸಿದ್ದರು. ಇಂಥ ಚೂರುಪಾರುಗಳಿಗೆ ಮಾಡೆಲ್ ಕಟ್ಟುವವರು ‘ಗ್ರೀಬಲ್’ ಅಂತಾರೆ. ನಾನು ಹಳೇ ಟಿವಿ ರಿಮೋಟ್ ಬಿಚ್ಚಿ ಒಳಗಿನ ರಬ್ಬರ್ ಬಟನ್ ಹಾಳೆಯನ್ನು ಕಂಟ್ರೋಲ್ ಪ್ಯಾನೆಲ್ ಮಾಡಿದೆ. ನೋಡೋಕೆ ಸಕತ್ತಾಗಿತ್ತು. ಬಣ್ಣ ಮಾತ್ರ ನಿಲ್ಲಲೊಲ್ಲದು. ಒಣಗಿದ ಮೇಲೆ ಉಗುರು ತಾಗಿದರೆ ಸಾಕು, ಸಿಪ್ಪೆ ಸುಲಿದು ಬರುತ್ತಿತ್ತು. ಕೊನೆಗೆ ರಬ್ಬರಿನ ಬೂದು ಬಣ್ಣವನ್ನೇ ಬಿಟ್ಟೆ.

ಮಧ್ಯಾಹ್ನ ಎಡವಟ್ಟಾಯಿತು. ಸ್ಪ್ರೇ ಬಣ್ಣದಲ್ಲಿರುವ ಥಿನ್ನರ್ ಥರದ ದ್ರವ ಈ ಫೋಮನ್ನು ತಿನ್ನುತ್ತೆ ಅಂತ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಅದಕ್ಕೇ ಮೊದಲು ಮರಕ್ಕೆ ಹಾಕುವ ಬಿಳಿ ಗೋಂದಿಗೆ ಕಪ್ಪು ಅಕ್ರಿಲಿಕ್ ಬೆರೆಸಿ ಎರಡು ಕೋಟ್ ಹೊಡೆದಿದ್ದೆ. ಆದರೆ ಹಚ್ಚಿದ್ದು ಮುಂದಿನ ಮುಖಕ್ಕೆ. ಬಾಗಿಲಿನ ಕಂಡಿಯ ಕತ್ತರಿಸಿದ ಅಂಚು ಮರೆತೇಹೋಗಿತ್ತು. ಸ್ಪ್ರೇ ಬಿದ್ದ ಎರಡೇ ನಿಮಿಷಕ್ಕೆ ಆ ಅಂಚು, ಸಕ್ಕರೆ ಮೇಲೆ ನೀರು ಬಿದ್ದ ಹಾಗೆ, ಸುಮ್ನೆ ಕುಸಿಯುತ್ತಾ ಹೋಯಿತು. ಮೊದಲು ಸಣ್ಣ ಸಣ್ಣ ಗುಳಿ, ಆಮೇಲೆ ಗುಳಿಗಳೆಲ್ಲ ಸೇರಿ ಒಂದು ಬಾಯಿ. ಯುದ್ಧದಲ್ಲಿ ಏಟು ಬಿದ್ದ ಗೋಡೆ ಅಂದುಕೊಂಡರಾಯಿತು ಅಂತ ಸಮಾಧಾನ ಮಾಡಿಕೊಳ್ಳೋಕೆ ನೋಡಿದೆ. ಆಗಲಿಲ್ಲ. ಏಟು ಬಿದ್ದ ಲೋಹ ಬಾಗುತ್ತೆ, ಸೀಳಿಹೋಗುತ್ತೆ. ಇದು ಇಲಿ ತಿಂದ ಹಾಗಿತ್ತು. ಆ ಭಾಗವನ್ನೇ ಕೊಯ್ದು ತೆಗೆದು ಹೊಸ ತುಂಡು ಕೂರಿಸಿದೆ. ಅಲ್ಲಿಂದ ಮುಂದೆ ಎಲ್ಲ ಬ್ರಷ್‌ನಲ್ಲೇ. ಸಂಜೆ ಮುಗಿಯುತ್ತೆ ಅನ್ನೋ ಮಾತು ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಅಕ್ಕನ ಮಗಳು ಬಂದಳು. ಎಂಟು ವರ್ಷ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಇನ್ಸ್‌ಪೆಕ್ಟರ್ ಥರ ನೋಡಿದಳು. ಮೆಕ್ಯಾನಿಕ್ ಗೊಂಬೆಯನ್ನು ತೆಗೆದು ಬಾಗಿಲ ಮುಂದೆ ನಿಲ್ಲಿಸಿದಳು.

“ಮಾಮ, ಇವಳು ಈ ಮೆಟ್ಟಿಲು ಹೇಗೆ ಹತ್ತುತ್ತಾಳೆ?”

“ಯಾಕೆ, ನಡೆದುಕೊಂಡು.”

“ಕಾಲು ಸಿಗಲ್ಲ ಮಾಮ. ನೋಡು.”

ನೋಡಿದೆ. ಮೆಟ್ಟಿಲು ಗೊಂಬೆಯ ಮೀನಖಂಡದ ಅರ್ಧ ದಾಟುತ್ತಿತ್ತು. ಸ್ಕೇಲ್ ತೆಗೆದು ಅಳೆದರೆ 2.5 ಸೆಂಟಿಮೀಟರ್. ಫೋಮ್ ಹಲಗೆ ಎಷ್ಟು ದಪ್ಪ ಇತ್ತೋ ಅಷ್ಟೇ ಎತ್ತರದ ಮೆಟ್ಟಿಲು ಇಟ್ಟುಬಿಟ್ಟಿದ್ದೆ. ಲೆಕ್ಕ ಕಷ್ಟದ್ದೇನಲ್ಲ. ಆರಡಿ ಮನುಷ್ಯ ಅಂದರೆ 72 ಇಂಚು. ಗೊಂಬೆ 6 ಇಂಚು. ಅಂದರೆ ಹನ್ನೆರಡರಲ್ಲಿ ಒಂದು ಪಾಲು. ನನ್ನ ಮೆಟ್ಟಿಲನ್ನು ನಮ್ಮ ಅಳತೆಗೆ ತಂದರೆ 30 ಸೆಂಟಿಮೀಟರ್. ನಾವು ದಿನಾ ಹತ್ತುವ ಮೆಟ್ಟಿಲು 17–18 ಇದ್ದರೆ ಹೆಚ್ಚು. ಇಲ್ಲಿ ಒಂದೂವರೆ ಸೆಂಟಿಮೀಟರ್ ಸಾಕಿತ್ತು. ಆಮೇಲೆ ಬೇರೆಯವೂ ಕಣ್ಣಿಗೆ ಬೀಳತೊಡಗಿದವು. ಬಾಗಿಲು ತೆರೆಯುವ ಸ್ವಿಚ್ಚು ನೆಲದಿಂದ 16 ಸೆಂಟಿಮೀಟರ್ ಮೇಲಿತ್ತು. ಗೊಂಬೆಯ ತಲೆಗಿಂತ ಎತ್ತರ! ರೇಲಿಂಗ್ ಎದೆಗೆ ಬರುತ್ತಿತ್ತು. ಇಡೀ ಶನಿವಾರ ನಾನು ಗೋಡೆ ಚೆನ್ನಾಗಿ ಕಾಣುತ್ತಾ ಅಂತಲೇ ನೋಡಿದ್ದೆ. ಅಲ್ಲಿ ಯಾರಾದರೂ ಓಡಾಡಬೇಕಲ್ಲ ಅನ್ನೋದೇ ಹೊಳೆದಿರಲಿಲ್ಲ.

ಮೆಟ್ಟಿಲು ಕಿತ್ತು ಒಂದೂವರೆ ಸೆಂಟಿಮೀಟರಿನದು ಕೂರಿಸಿದೆ. ಸ್ವಿಚ್ಚನ್ನು 9 ಸೆಂಟಿಮೀಟರಿಗೆ ಇಳಿಸಿದೆ. ಗೊಂಬೆಯ ಕೈ ಎತ್ತಿಸಿ ನೋಡಿದರೆ ಹೆಬ್ಬೆರಳು ಸರಿಯಾಗಿ ಅದರ ಮೇಲೆ ಬಂತು.

ಕೊಳೆ ಹಚ್ಚುವ ಕೆಲಸವೂ ಇದರಿಂದ ಬದಲಾಯಿತು. ಮಾಮೂಲಿ ವಿಧಾನ ಏನಂದರೆ, ಕಪ್ಪು ಬಣ್ಣವನ್ನು ನೀರು ನೀರು ಮಾಡಿ ಗೋಡೆಯಿಡೀ ಹರಿಸೋದು. ಸಂದುಗಳಲ್ಲಿ ನಿಂತದ್ದು ನಿಲ್ಲುತ್ತೆ, ಉಳಿದದ್ದನ್ನು ಬಟ್ಟೆಯಲ್ಲಿ ಒರೆಸೋದು. ಆಮೇಲೆ ಒಣ ಬ್ರಷ್‌ಗೆ ಇಷ್ಟೇ ಇಷ್ಟು ಬೆಳ್ಳಿ ಬಣ್ಣ ತಾಗಿಸಿ ಅಂಚುಗಳ ಮೇಲೆ ಸವರೋದು. ಅಷ್ಟನ್ನು ಬೇಗ ಬೇಗ ಮುಗಿಸಿದೆ. ಆದರೆ ಗೋಡೆಯ ತುಂಬ ಒಂದೇ ಸಮ ಕೊಳೆ ಇದ್ದರೆ ಅದು ಕೊಳೆ ಅನ್ನಿಸಲ್ಲ, ಡಿಸೈನ್ ಅನ್ನಿಸುತ್ತೆ. ನಮ್ಮ ಮನೆಯ ಲೈಟ್ ಸ್ವಿಚ್ಚಿನ ಹತ್ತಿರ ಹೋಗಿ ನಿಂತು ನೋಡಿದೆ. ಸ್ವಿಚ್ಚಿಗಿಂತ ಅದರ ಸುತ್ತ ಜಾಸ್ತಿ ಜಿಡ್ಡು. ಕತ್ತಲಲ್ಲಿ ತಡಕಾಡಿದ ಬೆರಳುಗಳ ಗುರುತು. ಬಾಗಿಲಿನ ಬುಡದಲ್ಲಿ ಕಾಲಿನಿಂದ ತಳ್ಳಿ ತಳ್ಳಿ ಬಣ್ಣ ಹೋಗಿದೆ. ಮೂಲೆಯಲ್ಲಿ ಯಾರೂ ತುಳಿಯದ ಕಡೆ ನೆಲ ಹೊಸದರಂತಿದೆ.

ಅದನ್ನೇ ಇಲ್ಲಿಗೆ ತಂದೆ. ಪಾತ್ರೆ ತಿಕ್ಕುವ ಸ್ಪಂಜಿನ ಒಂದು ಚೂರು ಹರಿದು, ಕಂದು ಬಣ್ಣ ತಾಗಿಸಿ, ಸ್ವಿಚ್ಚಿನ ಸುತ್ತ ಎರಡೇ ಸಲ ಒತ್ತಿದೆ. ಮೆಟ್ಟಿಲಿನ ನಡುಭಾಗ ಸವೆಸಿದೆ, ಬದಿ ಬಿಟ್ಟೆ. ಪೈಪಿನ ಗಂಟಿನಿಂದ ಒಂದು ತುಕ್ಕಿನ ಗೆರೆ ಇಳಿಸಿದೆ. ಅದರ ಕೆಳಗೆ ನೆಲದ ಮೇಲೆ ಕಪ್ಪು–ಕಂದು ಬಣ್ಣಕ್ಕೆ ಹೊಳಪಿನ ವಾರ್ನಿಷ್ ಬೆರೆಸಿ ಒಂದು ಹನಿ ಬಿಟ್ಟೆ. ಒಣಗಿದ ಮೇಲೂ ಅದು ಒದ್ದೆಯಾಗಿಯೇ ಕಾಣುತ್ತೆ, ಥೇಟ್ ಚೆಲ್ಲಿದ ಎಣ್ಣೆ.

ಲೈಟಿಗೆ ಮತ್ತೊಂದು ಸಂಜೆ ಹೋಯಿತು. ಡಯೋರಾಮಾ ಅನ್ನೋ ಹೆಸರು ಬಂದದ್ದೇ ಬೆಳಕಿನ ಆಟದಿಂದ. 1822ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಡಗೇರ್ ಮತ್ತು ಶಾರ್ಲ್ ಬುತೊಂ ಆ ಹೆಸರಿನ ಪ್ರದರ್ಶನ ಶುರು ಮಾಡಿದಾಗ ಅದರಲ್ಲಿ ಇದ್ದದ್ದು ಭಾರಿ ಗಾತ್ರದ ಚಿತ್ರದ ಪರದೆಗಳು. ಹಿಂದಿನಿಂದ, ಮುಂದಿನಿಂದ ಬೀಳುವ ಬೆಳಕು ಬದಲಿಸಿದರೆ ಜನರ ಕಣ್ಣೆದುರೇ ದೃಶ್ಯ ಬದಲಾಗುತ್ತಿತ್ತು. ಮುಂದೆ ಫೋಟೊ ತೆಗೆಯುವ ವಿಧಾನಕ್ಕೆ ಹೆಸರಾದ ಡಗೇರ್ ಇವನೇ. ನಾನು ಮೊದಲು ಮೇಲ್ಗಡೆ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಿದ್ದೆ. ಹಾಕಿದ ತಕ್ಷಣ ನನ್ನ ಕೊಳಕು ಮೂಲೆ ಆಪರೇಷನ್ ಥಿಯೇಟರ್ ಆಯಿತು. ಪಟ್ಟಿ ಕಿತ್ತು ಒಂದೇ ಒಂದು ಕೆಂಪು ಎಲ್‌ಇಡಿ ಬಾಗಿಲ ಮೇಲೆ ಕೂರಿಸಿದೆ. ಕೆಂಪಿಗೆ ಬೇಕಾದ್ದು ಸುಮಾರು 2 ವೋಲ್ಟ್, ಬ್ಯಾಟರಿ 9 ವೋಲ್ಟಿನದು. ನಡುವೆ ಕರೆಂಟ್ ತಗ್ಗಿಸುವ 390 ಓಮ್ ರೆಸಿಸ್ಟರ್ ಹಾಕಿದರೆ ಸರಿಯಾಗಿ ಉರಿಯುತ್ತೆ. ನನಗೆ ಅದೂ ಜಾಸ್ತಿ ಅನ್ನಿಸಿ 1000 ಓಮಿನದು ಹಾಕಿದೆ. ಈಗ ಕಣ್ಣಿಗೆ ಹಿತವಾದ ಮಂದ ಕೆಂಪು. ಎಣ್ಣೆಯ ಹನಿಯಲ್ಲಿ ಅದರ ಒಂದು ಚುಕ್ಕಿ ಹೊಳೆಯುತ್ತೆ.

ಮುಂದಿನ ಭಾನುವಾರ ಇನ್ಸ್‌ಪೆಕ್ಟರ್ ಮತ್ತೆ ಬಂದಳು. ಸ್ವಿಚ್ಚು ನೋಡಿದಳು. ಮೆಟ್ಟಿಲ ಮೇಲೆ ಮೆಕ್ಯಾನಿಕ್‌ನ ಕಾಲು ಇಟ್ಟು ನೋಡಿದಳು. ಪಾಸು.

“ಮಾಮ, ಎಣ್ಣೆ ಚೆಲ್ಲಿದೆಯಲ್ಲ, ಒರೆಸೋದು ಯಾರು?”

“ರೋಬೋಟ್.”

“ಅದರ ಕೈಯಲ್ಲಿ ಗನ್ ಇದೆ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿದಿರು ಕಡ್ಡಿಯೊಂದನ್ನು 10 ಸೆಂಟಿಮೀಟರಿಗೆ ಮುರಿದೆ. ಹತ್ತಿ ದಾರವನ್ನು ಅವಳ ಎರಡು ಬೆರಳಿಗೆ ಇಪ್ಪತ್ತು ಸುತ್ತು ಸುತ್ತಿ, ನಡುವೆ ಕಟ್ಟಿ, ತುದಿ ಕತ್ತರಿಸಿ ಕಡ್ಡಿಗೆ ಅಂಟಿಸಿದೆವು. ಬ್ರಷ್ ತೊಳೆದ ಕಪ್ಪು ನೀರಲ್ಲಿ ಅದ್ದಿದ ಮೇಲೆ ಅದು ಸರಿಯಾದ ಮಾಪ್ ಆಯಿತು. ರೋಬೋಟಿನ ಮುಷ್ಟಿಗೆ ಕಡ್ಡಿ ಸಡಿಲ. ಹಿಡಿಯುವ ಜಾಗಕ್ಕೆ ನಾಲ್ಕು ಸುತ್ತು ದಾರ ಸುತ್ತಿದಳು. ಗಟ್ಟಿಯಾಗಿ ಕೂತಿತು.

ಗನ್ ಈಗ ಸ್ಟೇಪ್ಲರ್ ಪಕ್ಕ ಬಿದ್ದಿದೆ.