ದೊಡ್ಡವರ ಕಟಕಟೆಗೆ ಕಳುಹಿಸುವ ಮುನ್ನ

2012ರ ದೆಹಲಿ ಅತ್ಯಾಚಾರ ಪ್ರಕರಣದ ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. ಆತ 2015ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಬೆನ್ನಲ್ಲೇ, ಜನರ ಸಿಟ್ಟು ಆರುವ ಮೊದಲೇ, ರಾಜ್ಯಸಭೆ ಹೊಸ ಬಾಲ ನ್ಯಾಯ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಬಾಲಾಪರಾಧಿ ಎನ್ನಲು ಇರುವ 18ರ ವಯಸ್ಸಿನ ಮಿತಿ ಇಳಿಸುವುದು ಬೇಡವೆಂದು, ಆ ಪ್ರಕರಣದ ಬಳಿಕ ಕಾನೂನು ತಿದ್ದುಪಡಿ ಸೂಚಿಸಲು ನೇಮಕವಾಗಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲೇ ಹೇಳಿತ್ತು.

ನನ್ನ ತಕರಾರು ಆ ಕಾಯ್ದೆಯ 15ನೇ ಸೆಕ್ಷನ್ನಿನ ಬಗ್ಗೆ. 16 ತುಂಬಿದ, 18 ತುಂಬದ ಮಕ್ಕಳ ಮೇಲೆ ಘೋರ ಅಪರಾಧದ ಆರೋಪ ಬಂದಾಗ, ಅದನ್ನು ಎಸಗುವ ಮಾನಸಿಕ ಹಾಗೂ ದೈಹಿಕ ಸಾಮರ್ಥ್ಯ ಅವರಿಗಿತ್ತೇ, ಪರಿಣಾಮದ ಅರಿವಿತ್ತೇ, ಸನ್ನಿವೇಶ ಎಂಥದಿತ್ತು ಎಂಬುದನ್ನು ಬಾಲ ನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನದಲ್ಲಿ ತೂಗಿ ನೋಡಿ, ವಯಸ್ಕರಂತೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಇದು ವಿಚಾರಣೆಯಲ್ಲ ಎಂದು ಕಾಯ್ದೆಯೇನೋ ಸ್ಪಷ್ಟಪಡಿಸುತ್ತದೆ. ಆದರೆ ಹುಡುಗ ತಪ್ಪು ಮಾಡಿದ್ದಾನೆಂದು ಭಾವಿಸಿಕೊಳ್ಳದೆ, ಮಾಡುವಾಗ ಅವನ ಮನಸ್ಸು ಹೇಗಿತ್ತೆಂದು ಕೇಳುವುದಾದರೂ ಹೇಗೆ?

2017ರ ಗುರುಗ್ರಾಮ ಶಾಲೆಯ ಕೊಲೆ ಪ್ರಕರಣದಲ್ಲಿ ಪೊಲೀಸರು ಮೊದಲು ಹಿಡಿದದ್ದು ಬಸ್ ಕಂಡಕ್ಟರನ್ನು. 11ನೇ ತರಗತಿಯ ವಿದ್ಯಾರ್ಥಿಯನ್ನು ಆರೋಪಿಯೆಂದು ಹೆಸರಿಸಿದ್ದು ಆಮೇಲೆ ಬಂದ ಸಿಬಿಐ. ಆರೋಪವೇ ಹೀಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ, ಅದನ್ನು ನೆಚ್ಚಿಕೊಂಡ ಮನಸ್ಸಿನ ಪರೀಕ್ಷೆಗೆ ಎಷ್ಟು ಬೆಲೆ? ಅದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು 2022ರಲ್ಲಿ ಹೇಳಿತು. ಅಲ್ಲಿಯವರೆಗೆ ಅದು ಮಂಡಳಿಯ ಇಚ್ಛೆಗೆ ಬಿಟ್ಟ ಸಂಗತಿಯಂತೆ ನಡೆದುಬಂದಿತ್ತು ಎಂಬುದೇ ನನಗೆ ಗಾಬರಿ ಹುಟ್ಟಿಸುತ್ತದೆ.

ಮೌಲ್ಯಮಾಪನಕ್ಕೆ ಕಾಯ್ದೆ ಕೊಟ್ಟಿರುವ ಗಡುವು ಮೂರು ತಿಂಗಳು. ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ, ಈ ಗಡುವು ಕಡ್ಡಾಯವಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ವಿಳಂಬದ ನೆಪದಲ್ಲಿ ಪ್ರಕ್ರಿಯೆಯೇ ಬಿದ್ದುಹೋಗಬಾರದೆಂಬ ತರ್ಕ ಅರ್ಥವಾಗುತ್ತದೆ. ಆದರೆ ಹದಿಹರೆಯದಲ್ಲಿ ಒಂದು ವರ್ಷ ಕಳೆದರೆ, ತಜ್ಞರ ಎದುರು ಕೂರುವವನು ಅಂದಿನ ಹುಡುಗನಾಗಿ ಉಳಿದಿರುವುದಿಲ್ಲ.

ಇನ್ನು 'ಘೋರ' ಎಂಬುದನ್ನು ನಿರ್ಧರಿಸುವುದು ನಮ್ಮ ಆಕ್ರೋಶವಲ್ಲ, ಕನಿಷ್ಠ 7 ವರ್ಷದ ಶಿಕ್ಷೆ. ಸುಪ್ರೀಂ ಕೋರ್ಟಿನ 2020ರ ತೀರ್ಪಿನ ಪ್ರಕಾರ, ಗರಿಷ್ಠ ಶಿಕ್ಷೆ ಎಷ್ಟೇ ಇದ್ದರೂ ಕನಿಷ್ಠ ಮಿತಿ ಇಲ್ಲದ ಅಪರಾಧ ಆ ಗುಂಪಿಗೆ ಸೇರದು.

ಮೌಲ್ಯಮಾಪನ ಬೇಕೇಬೇಕೆಂದಾದರೆ ಅದು ಆರೋಪ ಸಾಬೀತಾದ ಬಳಿಕ, ಶಿಕ್ಷೆಯ ಹಂತದಲ್ಲಿ ನಡೆಯಲಿ. ಶಿಕ್ಷೆಗೊಳಗಾದವನಿಗೆ 21 ತುಂಬಿದಾಗ ಆತ ಸುಧಾರಿಸಿದ್ದಾನೆಯೇ ಎಂದು ಮಕ್ಕಳ ನ್ಯಾಯಾಲಯ ಪರಿಶೀಲಿಸಿ, ಬಿಡುವುದೋ ಜೈಲಿಗೆ ಕಳುಹಿಸುವುದೋ ಎಂದು ತೀರ್ಮಾನಿಸುವ ಅವಕಾಶ ಇದೇ ಕಾಯ್ದೆಯ 20ನೇ ಸೆಕ್ಷನ್ನಿನಲ್ಲಿ ಈಗಾಗಲೇ ಇದೆ.