ಅಟ್ಟದಿಂದ ಇಳಿಸಿದ ಹಾಗಲ್ಲ

"ಇಲ್ಲಿಗೆ ಬಂತಲ್ಲ ಮಾರಾಯ್ರೆ, ಇನ್ನು ಅಲ್ಲಿದ್ದದ್ದನ್ನು ತೆಗೀಬಹುದಲ್ಲ?"

ಸೋಮವಾರ ಸಂಜೆ ಕುಂಜಿಬೆಟ್ಟಿನ ಮಾಸ್ಟ್ರು ಹೀಗೆ ಕೇಳುವಾಗ ಅವರ ಬೆರಳು ಡಿಲೀಟ್ ಕೀಲಿಯ ಮೇಲೆಯೇ ಇತ್ತು. ಪರದೆಯಲ್ಲಿ ಥಂಡರ್‌ಬರ್ಡ್, ಜಿಮೇಲ್‌ನ ಮೇಲ್‌ಗಳನ್ನು ಕಂಪ್ಯೂಟರಿಗೆ ತರುವ ಪ್ರೋಗ್ರಾಮ್. ಅದರಲ್ಲಿ 2009ರ ಮೇಲ್‌ಗಳೆಲ್ಲ ಒಟ್ಟಿಗೆ ಆಯ್ಕೆಯಾಗಿ ನೀಲಿಗಟ್ಟಿ ಕೂತಿದ್ದವು. "ತೆಗೀಬೇಡಿ ಮಾಸ್ಟ್ರೇ" ಅಂದದ್ದಕ್ಕೆ ಬೆರಳು ಎತ್ತಿದರು. ವಾರವಿಡೀ ಆ ಬೆರಳೇ ಕಣ್ಣೆದುರು ಬರುತ್ತಿದೆ.

ಅವರ ಜಿಮೇಲ್‌ನಲ್ಲಿ ಇರುವುದು ತಾಳಮದ್ದಳೆಯ ಧ್ವನಿಮುದ್ರಣಗಳು, ಪ್ರಸಂಗದ ಹಳೆಯ ಹಸ್ತಪ್ರತಿಗಳ ಸ್ಕ್ಯಾನ್ ಪುಟಗಳು. ಮುಂಬೈಯ ಸ್ನೇಹಿತರು ಹದಿನೈದು ವರ್ಷ ಒಂದೊಂದಾಗಿ ಕಳಿಸಿದ್ದು. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಪುಕ್ಕಟೆ ಸಿಗುವುದು 15 ಜಿಬಿ. ಅದು ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. "ಹಳೇದೆಲ್ಲ ಯಾಕೆ, ಅಳಿಸಿಬಿಡಿ" ಎಂದು ಮನೆಗೆ ಬಂದವರೆಲ್ಲ ಹೇಳಿದ್ದಾರಂತೆ. ಹಾಗೆ ಹೇಳುವವರ ಮೇಲೆ ನನಗೆ ಸಿಟ್ಟಿದೆ. ಆ ದನಿಗಳಲ್ಲಿ ಕೆಲವು ಬೇರೆಲ್ಲೂ ಉಳಿದಿಲ್ಲ.

ಥಂಡರ್‌ಬರ್ಡ್ ಹಾಕಿಕೊಡಲು ಮೊದಲು ಬಂದವರು ಪಾಸ್‌ವರ್ಡ್ ತಗೊಳ್ಳುವುದಿಲ್ಲ, ಖಾತೆಯನ್ನು ಯಾರೋ ಹ್ಯಾಕ್ ಮಾಡಿದ್ದಾರೆ ಎಂದು ಹೆದರಿಸಿ ಹೋಗಿದ್ದರು. ಹ್ಯಾಕೂ ಇಲ್ಲ, ಎಂತದೂ ಇಲ್ಲ. ಅವರು ಮ್ಯಾನುಯಲ್ ಸೆಟಪ್‌ಗೆ ಹೋಗಿ 'ನಾರ್ಮಲ್ ಪಾಸ್‌ವರ್ಡ್' ಆರಿಸಿದ್ದರು. 2022ರ ಮೇ 30ರಿಂದ ಗೂಗಲ್ ಬರೀ ಖಾತೆಯ ಪಾಸ್‌ವರ್ಡ್ ಕೊಡುವ ಮೇಲ್ ಪ್ರೋಗ್ರಾಮ್‌ಗಳನ್ನು ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಎಷ್ಟು ಸರಿಯಿದ್ದರೂ ಅಷ್ಟೇ. ಅಲ್ಲಿ 'ಓ-ಆತ್ 2' ಆರಿಸಬೇಕು. ಆಗ ಗೂಗಲ್‌ನದೇ ಲಾಗಿನ್ ಕಿಟಕಿ ತೆರೆಯುತ್ತದೆ, ಪಾಸ್‌ವರ್ಡ್ ಅಲ್ಲಿ ಕೊಟ್ಟು ಅನುಮತಿ ಒತ್ತಿದರೆ ಆಯಿತು. ಥಂಡರ್‌ಬರ್ಡ್‌ನಲ್ಲಿ ಕುಕೀಸ್ ಬಂದ್ ಆಗಿದ್ದರೆ ಈ ಕಿಟಕಿ ಕೆಲಸ ಮಾಡುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಹೆಸರು, ವಿಳಾಸ ಕೊಟ್ಟು 'ಕಂಟಿನ್ಯೂ' ಒತ್ತಿದರೆ ಉಳಿದದ್ದನ್ನು ಅದೇ ತುಂಬಿಕೊಳ್ಳುತ್ತದೆ. ಬರುವ ಮೇಲ್‌ಗೆ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993. ಹೋಗುವುದಕ್ಕೆ ಎಸ್‌ಎಮ್‌ಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465. ಕೈ ಹಾಕುವ ಅಗತ್ಯವೇ ಇಲ್ಲದ ಕಡೆ ಕೈ ಹಾಕಿ ಕೆಟ್ಟದ್ದು.

ಇಷ್ಟಾದರೂ ಲಾಗಿನ್ ಕಿಟಕಿ ಖಾಲಿ. ಮೂಲೆಯ ಗಡಿಯಾರ ನೋಡಿದರೆ ಎಷ್ಟೋ ವರ್ಷ ಹಿಂದಿನ ಜನವರಿ 1. ನಮ್ಮ ಕರಾವಳಿಯ ಅಭ್ಯಾಸ ಉಂಟಲ್ಲ, ಗುಡುಗು ಶುರುವಾದ ಕೂಡಲೇ ಗೋಡೆಯಿಂದ ಪ್ಲಗ್ ಕೀಳುವುದು. ಒಳ್ಳೆಯ ಅಭ್ಯಾಸವೇ, ಬಿಡಬೇಡಿ. ಆದರೆ ಪ್ಲಗ್ ಕಿತ್ತ ಮೇಲೆ ತಾರೀಕನ್ನು ಹಿಡಿದಿಡುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂತಹ ಒಂದು ಸೆಲ್ ಮಾತ್ರ. ಅದು ಸತ್ತಿದ್ದರೆ ಪ್ರತಿ ಮಳೆಗೂ ಕಂಪ್ಯೂಟರ್ ಹಿಂದಿನ ಕಾಲಕ್ಕೆ ಹೋಗುತ್ತದೆ. ಗೂಗಲ್‌ನ ಸರ್ವರ್ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ತಾರೀಕು ಅದರ ಹೊರಗಿದ್ದರೆ ಸಂಪರ್ಕವೇ ಆಗುವುದಿಲ್ಲ. ಆ ಸೆಲ್ಲಿನ ಹೆಸರು ಸಿಆರ್ 2032, 3 ವೋಲ್ಟ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ತೆಗೆದು, ಬರಹವಿರುವ ಮುಖ ಮೇಲೆ ಬರುವಂತೆ ಕೂರಿಸಿ, ತಾರೀಕು ಸರಿಮಾಡಿದ ಮೇಲೆ ಲಾಗಿನ್ ಕಿಟಕಿ ಒಮ್ಮೆಗೇ ತೆರೆಯಿತು.

ಮತ್ತೆ ಆ ಪ್ರಶ್ನೆ. ಇಲ್ಲಿಗೆ ಬಂತಲ್ಲ.

ಮಾಸ್ಟ್ರ ತಪ್ಪಲ್ಲ ಅದು, ನಮ್ಮ ಮಾತಿನ ತಪ್ಪು. ಡೌನ್‌ಲೋಡಿಗೆ ನಾವು 'ಇಳಿಸಿಕೊಳ್ಳುವುದು' ಅನ್ನುತ್ತೇವೆ. ಅಟ್ಟದಿಂದ ತೆಂಗಿನಕಾಯಿ ಇಳಿಸಿದರೆ ಅದು ಅಟ್ಟದಲ್ಲಿ ಇರುವುದಿಲ್ಲ, ಕೆಳಗೆ ನಮ್ಮ ಕೈಯಲ್ಲಿರುತ್ತದೆ. ಡಯಲ್-ಅಪ್ ಕಾಲದ ಔಟ್‌ಲುಕ್ ಎಕ್ಸ್‌ಪ್ರೆಸ್ ಪಾಪ್ ರೀತಿಯಲ್ಲಿ ನಿಜವಾಗಿ ಹಾಗೆಯೇ ಮಾಡುತ್ತಿತ್ತು. ಮೇಲ್ ಕೆಳಗೆ ಬಂತು, ಸರ್ವರಿನಿಂದ ಹೋಯಿತು. ಆ ಕಾಲದಲ್ಲಿ ಮೇಲ್ ಕಲಿತವರಿಗೆ ಅದೇ ಲೆಕ್ಕ ಮನಸ್ಸಿನಲ್ಲಿ ನಿಂತಿದೆ. ಈಗ ಥಂಡರ್‌ಬರ್ಡ್‌ನಲ್ಲಿ ಹಾಕಿದ ಐಮ್ಯಾಪ್ ರೀತಿ ಹಾಗಲ್ಲ. ಅಲ್ಲಿ ಥಂಡರ್‌ಬರ್ಡ್ ತೋರಿಸುವುದು ಸರ್ವರಿನಲ್ಲಿ ಇರುವುದನ್ನೇ. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ, ಅಲ್ಲಿ ಅಳಿಸಿದರೆ ಇಲ್ಲೂ ಹೋಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ 14 ಜಿಬಿ ಕೂತಿದ್ದರೂ ಅದು ನಮ್ಮದಾಗಿಲ್ಲ. ಇದನ್ನು ಹೇಳದೆ ಬರೀ ಹಾಕಿಕೊಟ್ಟು ಹೋಗುವವರು ಅರ್ಧ ಕೆಲಸ ಮಾಡಿದವರು.

ನಮ್ಮದಾಗಬೇಕಾದರೆ ಎಡಗಡೆ ಕೊನೆಯಲ್ಲಿರುವ 'ಲೋಕಲ್ ಫೋಲ್ಡರ್ಸ್'ಗೆ ನಕಲಾಗಬೇಕು. ಅದರೊಳಗೆ ವರ್ಷಕ್ಕೊಂದು ಫೋಲ್ಡರ್ ಮಾಡಿ. ಆ ವರ್ಷದ ಮೇಲ್‌ಗಳನ್ನು ಆರಿಸಿ, ಬಲ ಕ್ಲಿಕ್ಕಿನಲ್ಲಿ 'ಕಾಪಿ ಟು' ಆರಿಸಿ, 'ಮೂವ್' ಬೇಡ. ಮೂವ್ ಮಾಡುವಾಗ ಮಧ್ಯೆ ಕರೆಂಟ್ ಹೋದರೆ ಯಾವುದು ಎಲ್ಲಿದೆ ಎಂದು ಹುಡುಕುತ್ತ ಕೂರಬೇಕು. ಡಿಸ್ಕಿನಲ್ಲಿ ಖಾತೆಯ ಗಾತ್ರದ ಎರಡರಷ್ಟಕ್ಕಿಂತ ಹೆಚ್ಚು ಜಾಗ ಬೇಕು, ಯಾಕೆಂದರೆ ಐಮ್ಯಾಪಿನ ಪ್ರತಿ ಒಂದು, ನಮ್ಮ ನಕಲು ಇನ್ನೊಂದು.

ಒಂದೇ ದಿನಕ್ಕೆ ಮುಗಿಸುವ ಅವಸರವೂ ಬೇಡ. ಐಮ್ಯಾಪ್ ಮೂಲಕ ದಿನಕ್ಕೆ 2500 ಎಂಬಿ ಇಳಿಸಲು ಮಾತ್ರ ಜಿಮೇಲ್ ಬಿಡುತ್ತದೆ. ಮೀರಿದರೆ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ. 14 ಜಿಬಿಗೆ ಏನಿಲ್ಲವೆಂದರೂ ಆರು ದಿನ. 'ಆಲ್ ಮೇಲ್' ಎಂಬ ಫೋಲ್ಡರ್ ಇದನ್ನು ಇನ್ನೂ ಎಳೆಯಬಹುದು. ಇನ್‌ಬಾಕ್ಸಿನಲ್ಲಿದ್ದ ಮೇಲ್ ಅದರಲ್ಲೂ ಇರುವುದರಿಂದ ಒಂದೇ ಕಡತ ಎರಡು ಸಲ ಇಳಿಯಬಹುದು. ಆರ್ಕೈವ್ ಮಾಡುವ, ಅಂದರೆ ಅಳಿಸದೆ ಇನ್‌ಬಾಕ್ಸಿನಿಂದ ಸರಿಸಿಡುವ, ಅಭ್ಯಾಸ ಇಲ್ಲದವರು ಜಿಮೇಲ್‌ನ ಲೇಬಲ್ಸ್ ಪುಟದಲ್ಲಿ ಆಲ್ ಮೇಲ್ ಎದುರಿನ 'ಶೋ ಇನ್ ಐಮ್ಯಾಪ್' ಗುರುತು ತೆಗೆಯಬಹುದು. ಆರ್ಕೈವ್ ಮಾಡಿದ್ದವರು ಮಾತ್ರ ತೆಗೆಯಬಾರದು, ಬೇರೆ ಲೇಬಲ್ ಹಾಕದಿದ್ದರೆ ಅವರ ಆ ಮೇಲ್‌ಗಳು ಅಲ್ಲಿ ಬಿಟ್ಟು ಬೇರೆಲ್ಲೂ ಕಾಣುವುದಿಲ್ಲ.

ಮಾಸ್ಟ್ರ 2009ರಲ್ಲಿ ಇನ್ನೊಂದು ಕಂಡಿತು. ಕೆಲವು ಮೇಲ್‌ಗಳು ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಟೋಪಿ ಹಾಕಿದಂತಹ ಗೀಚು. ಕಸ ಎಂದು ಅಳಿಸಲು ಹೊರಟಿದ್ದರು. ಅದು ಕಸವಲ್ಲ, ಈಗಿನ ಯೂನಿಕೋಡ್ ಅಲ್ಲದ, ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಬರೆದ ಕನ್ನಡ. ಪರಿವರ್ತಕಕ್ಕೆ ಹಾಕಿದಾಗ ಒಬ್ಬರು ಅರ್ಥಧಾರಿಯ ಬಗ್ಗೆ ಬರೆದ ನಾಲ್ಕು ಪುಟ ಹೊರಬಂತು. ಮಾಸ್ಟ್ರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

ನಕಲಾದ ಮೇಲೆ ಪರೀಕ್ಷೆ. ಎರಡೂ ಕಡೆ ಮೇಲ್‌ಗಳ ಸಂಖ್ಯೆ ತಾಳೆಯಾಗಬೇಕು. ಆಮೇಲೆ ನೆಟ್ಟಿನ ವಯರ್ ಕಿತ್ತು, ಲೋಕಲ್ ಫೋಲ್ಡರಿನಿಂದ ನಾಲ್ಕೈದು ಲಗತ್ತು ತೆರೆದು ನೋಡಬೇಕು. ವಯರ್ ಇಲ್ಲದೆಯೂ ತೆರೆದರೆ ಅದು ನಿಜವಾಗಿ ಇಲ್ಲಿದೆ. ನಂತರ ಥಂಡರ್‌ಬರ್ಡ್ ಮುಚ್ಚಿ, ಅದು ಮೇಲ್‌ಗಳನ್ನೆಲ್ಲ ಇಡುವ ಪ್ರೊಫೈಲ್ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಬೇಕು. ಇಲ್ಲೇ ಹಲವರು ಸಿಕ್ಕಿಬೀಳುವುದು. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಮೇಲ್‌ಗಳನ್ನೆಲ್ಲ ಒಂದೇ ಕಡತವಾಗಿ ಇಡುತ್ತದೆ. ಪೆನ್ ಡ್ರೈವ್ ಫ್ಯಾಟ್ 32 ಎಂಬ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಕಡತವನ್ನು ಅದು ತೆಗೆದುಕೊಳ್ಳುವುದಿಲ್ಲ. ಜಾಗ ಎಷ್ಟು ಖಾಲಿಯಿದ್ದರೂ ಇಲ್ಲ. ವರ್ಷಕ್ಕೊಂದು ಫೋಲ್ಡರ್ ಅಂದದ್ದು ಅದಕ್ಕೂ ಹೌದು. ಇಲ್ಲವಾದರೆ ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಇಷ್ಟೂ ಆದ ಮೇಲೆಯೇ ಅಳಿಸುವ ಮಾತು. ಅದನ್ನು ಬ್ರೌಸರಿನಲ್ಲಿ ಮಾಡುವುದು ಕ್ಷೇಮ. ಅಳಿಸಿದ್ದು ಬಿನ್‌ನಲ್ಲಿ 30 ದಿನ ಇರುತ್ತದೆ, ಅಲ್ಲಿರುವಷ್ಟು ದಿನ ಜಾಗವೂ ಬಿಡುಗಡೆಯಾಗುವುದಿಲ್ಲ.

ಗುರುವಾರ ಮಾಸ್ಟ್ರು ತಾವೇ ವಯರ್ ಕಿತ್ತು, 2009ರ ಒಂದು ಧ್ವನಿಮುದ್ರಣ ತೆರೆದರು. ಚೆಂಡೆಯ ಸದ್ದು, ಹಿಂದೆ ಯಾರದೋ ಕೆಮ್ಮು, ಆಮೇಲೆ ಭಾಗವತರ ದನಿ. ಪೂರ್ತಿ ಕೇಳಿದರು. ಅಳಿಸುವ ಬಗ್ಗೆ ಕೇಳಲಿಲ್ಲ.

"2010 ನಾಳೆ ಮಾಡುವ, ಆಗದಾ?" ಅಂದರು.